ಮಾರ್ಸಲಿಯ ಹೆಸರು ಬಿಟ್ಟವನು

"ಆ ಹೆಸರು ಮಾತ್ರ ಬಿಡಬೇಡ ಮಗಾ," ಎಂದಳು ಅಡುಗೆಮನೆಯ ಮುದುಕಿ ಬೇಹಾಗ್. "ಮಾರ್ಸಲಿ ಹೆಸರು ಬಿಟ್ಟು ಈ ಮನೆ ವಂಶ ಹೇಳಿದೋನಿಗೆ ತನ್ನ ವಂಶ ಉಳಿಯಲ್ಲ."

ಫಾರ್ಕರ್ ಓಟ್ಸ್ ರೊಟ್ಟಿ ಮುರಿಯುತ್ತ ನಕ್ಕ. "ನಂಗಿನ್ನೂ ಮದುವೇನೇ ಆಗಿಲ್ಲ ಅಜ್ಜಿ. ಇಲ್ಲದ ವಂಶ ಎಲ್ಲಿಂದ ಹೋಗುತ್ತೆ?"

"ವಂಶ ಅಂದ್ರೆ ಮುಂದಿಂದು ಅಷ್ಟೇ ಏನು?" ಎಂದು ಮುದುಕಿ ಒಲೆಯತ್ತ ತಿರುಗಿದಳು.

ಗ್ಲಾಸ್ಗೋದಲ್ಲಿ ಓದಿದ ಫಾರ್ಕರ್ ಆ ಕಡಲಂಚಿನ ಕೋಟೆಗೆ ಹೊಸಬ. ಕುಲದ ಒಡೆಯ ಲಾಕ್ಲನ್‌ನ ವಂಶಾವಳಿಯನ್ನು ಸಭೆಯಲ್ಲಿ ಬಾಯಿಪಾಠ ಹೇಳುವುದು ಅವನ ಕೆಲಸ. ಆ ಕೆಲಸ ಮಾಡುತ್ತಿದ್ದ ಮುದುಕ ತೀರಿಕೊಂಡಿದ್ದ. ಒಡೆಯನ ಮಗಳನ್ನು ತೆಂಕಣ ಸೀಮೆಯ ಅರ್ಲ್ ಪದವಿಯ ಸಿರಿವಂತನೊಬ್ಬನ ಮಗನಿಗೆ ಕೊಡುವ ಮಾತಾಗಿತ್ತು. ನಿಶ್ಚಿತಾರ್ಥದ ಊಟದಲ್ಲಿ, ಗಂಡಿನ ಕಡೆಯವರ ಎದುರು, ವಂಶವನ್ನು ಮೊದಲಿಂದ ಕೊನೆತನಕ ಹೇಳಬೇಕಿತ್ತು.

ಮಾರ್ಸಲಿ ಈ ಒಡೆಯನ ಅಜ್ಜನ ತಾಯಿ. ದಂಡೆಯಲ್ಲಿ ಚಿಪ್ಪು ಆಯುವವರ ಮಗಳು. ಗಂಡ ಸತ್ತ ಮೇಲೆ ಮೈದುನರು ಅವಳನ್ನು ಮಾಟಗಾತಿ ಎಂದರು. ಕಡಲು ಇಳಿದಿದ್ದಾಗ ಬಂಡೆಗೆ ಕಟ್ಟಿ, ಭರತ ಏರುವುದನ್ನು ನೋಡುತ್ತ ನಿಂತರು. ನೀರು ಗಲ್ಲ ಮುಟ್ಟಿದಾಗ ಅವಳು ಇಟ್ಟ ಶಾಪವನ್ನೇ ಮುದುಕಿ ಹೇಳಿದ್ದು.

ಆ ಹೆಸರು ಬೇಡ, ಅಲ್ಲಿಗೆ ಒಬ್ಬ ದೊಡ್ಡಮನೆಯ ಮಗಳನ್ನು ಕೂರಿಸು ಎಂದು ಒಡೆಯ ಮೊದಲೇ ಹೇಳಿದ್ದ. ಫಾರ್ಕರನಿಗೆ ಇದೇನು ಹೊಸ ವಿದ್ಯೆಯಲ್ಲ. ತನ್ನ ಪಾಲಿಗೆ ಅದನ್ನು ಅವನು ಎಂದೋ ಮಾಡಿ ಮುಗಿಸಿದ್ದ. ಹೋದಲ್ಲೆಲ್ಲ ತಾನು ಪಾದ್ರಿಯ ಮಗ ಎನ್ನುತ್ತಿದ್ದ. ತಾಯಿ ಊನಾ ಕೊಲ್ಲಿಯ ಆಚೆಯ ಹಳ್ಳಿಯಲ್ಲಿ ಹೆರಿಂಗ್ ಮೀನಿನ ಕರುಳು ತೆಗೆದು ಉಪ್ಪು ಹಾಕುವವಳು. ಅವನನ್ನು ಓದಿಸಿದ್ದು ಆ ಕೈಗಳೇ. ಕಾಲೇಜಿನ ಕಡೆ ಬರಬೇಡ ಎಂದು ಅವನು ಹೇಳಿದಾಗ ಯಾಕೆಂದು ಅವಳು ಕೇಳಿರಲಿಲ್ಲ. ಕೇಳಿದ್ದರೆ ವಾಸಿಯಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು.

ಚಳಿಗಾಲವಾದ್ದರಿಂದ ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಬೆಳಕು ಸತ್ತಿತ್ತು. ಹಜಾರದ ತುಂಬ ಕೊಬ್ಬಿನ ಮೇಣದಬತ್ತಿಯ ಕಮಟು, ಸುಟ್ಟ ಜಿಂಕೆಮಾಂಸದ ವಾಸನೆ, ವಿಸ್ಕಿಯ ಘಾಟು. ಫಾರ್ಕರ್ ಎದ್ದು ನಿಂತ. ಇಂಥವನ ಮಗ ಇಂಥವನು, ಇಂಥವಳ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಹೆಸರುಗಳು ನೀರು ಹರಿದಂತೆ ಬಂದವು. ಮಾರ್ಸಲಿಯ ಜಾಗ ಬಂತು. ಅಲ್ಲಿ ದೊಡ್ಡಮನೆಯ ಮಗಳನ್ನು ಕೂರಿಸಿದ. ಬೇಹಾಗ್ ಕೈಯಲ್ಲಿದ್ದ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಹೋದಳು.

ಮೊದಲು ಬಂದದ್ದು ವಾಸನೆ. ಇಳಿದ ಕಡಲಿನ ಕೆಸರು, ಕೊಳೆತ ಪಾಚಿ. ನಾಯಿಗಳು ಮೇಜಿನ ಕೆಳಗೆ ನುಸುಳಿ ಮುಲುಗಿದವು. ಅವನ ಪಾದ ತಣ್ಣಗಾಯಿತು. ಬೂಟಿನೊಳಗೆ ನೀರು.

ಬೇರೆ ಯಾರ ಕಾಲೂ ನೆಂದಿರಲಿಲ್ಲ.

ಹೇಳುವುದನ್ನು ನಿಲ್ಲಿಸಲಿಲ್ಲ. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ. ಉದ್ದನೆಯ ಕೂದಲು ಮುಂಗೈಗೆ ಸುತ್ತಿಕೊಂಡಿತು. ಎಳೆಯಿತು. ಎದೆ. ಕುತ್ತಿಗೆ. ಕಿವಿಯ ಬಳಿ ಒಂದು ಬಾಯಿ. ಉಸಿರಿಲ್ಲದ ಬಾಯಿ.

"ಹೇಳು. ನನ್ನ ಹೆಸರು ಹೇಳು."

ಹೇಳಬಹುದಿತ್ತು. ಒಂದೇ ಹೆಸರು. ನೀರು ಗಲ್ಲ ಮುಟ್ಟಿತು. ಅವನು ತಲೆ ಎತ್ತಿದ. ಎದುರಿಗೆ ಅರ್ಲ್, ರೇಷ್ಮೆಯ ಕೊರಳಪಟ್ಟಿ, ಮೆಚ್ಚುಗೆಯ ನಗು. ಇಂಥವರ ಮುಂದೆ ಚಿಪ್ಪು ಆಯುವವಳ ಹೆಸರೇ? ನಾಚಿಕೆ ಅವನ ನಾಲಿಗೆ ಹಿಡಿಯಿತು.

ನೀರು ತಲೆಯ ಮೇಲೆ ಹೋಯಿತು. ಕತ್ತಲು. ತಣ್ಣನೆಯ ಎರಡು ಬೆರಳು ಬಾಯೊಳಗೆ ಇಳಿದವು. ಹಿಡಿದವು. ಮೀನಿನ ಕರುಳು ಕೀಳುವ ಹಾಗೆ, ಒಳಗಿನಿಂದ ಏನನ್ನೋ ಸರಕ್ಕನೆ ಎಳೆದುಕೊಂಡವು.

ಆಮೇಲೆ ಚಪ್ಪಾಳೆ. ನೆಲ ಒಣಗಿತ್ತು. ಬಟ್ಟೆ ಒಣಗಿತ್ತು. ಬದುಕಿದೆ ಎಂದುಕೊಂಡು ಫಾರ್ಕರ್ ಮೇಜು ಹಿಡಿದು ನಿಂತ.

ಅರ್ಲ್ ಹೊಗಳಿ, ಯಾರ ಮಗನಪ್ಪ ನೀನು ಎಂದು ವಿಚಾರಿಸಿದ. ಫಾರ್ಕರ್ ಎಂದಿನಂತೆ ಪಾದ್ರಿಯ ಮಗ ಎಂದ. ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೆ ಆ ಸುಳ್ಳಿನ ಹಿಂದೆ ಇರಬೇಕಾದ ನಿಜ ಎಲ್ಲಿ? ತಡಕಾಡಿದ. ಅಲ್ಲಿ ಏನೂ ಇರಲಿಲ್ಲ.

ಆಗಲೇ, ಬಾಗಿಲ ಬಳಿ ಆಳುಗಳ ನಡುವೆ ನಿಂತಿದ್ದ ಒಬ್ಬ ಹೆಂಗಸು ಮುಂದೆ ಬಂದಳು. ಒದ್ದೆ ಶಾಲು, ಉಪ್ಪು ತಿಂದು ಬಿರಿದ ಬೆರಳು. ಮಗ ದೊಡ್ಡವರ ಸಭೆಯಲ್ಲಿ ವಂಶ ಹೇಳುತ್ತಾನೆಂಬ ಸುದ್ದಿ ಕೇಳಿ, ಕೊಲ್ಲಿ ಸುತ್ತಿ ನಡೆದು ಬಂದಿದ್ದಳು ಊನಾ.

"ಎಷ್ಟು ಚೆನ್ನಾಗಿ ಹೇಳ್ದೆ, ನನ್ನಪ್ಪಾ," ಎಂದಳು.

ಅವನು ಅವಳ ಮುಖವನ್ನು ದಿಟ್ಟಿಸಿದ. "ಯಾರು ನೀನು?"

ಜೀವಮಾನದಲ್ಲಿ ಇಷ್ಟು ನಿಜವಾಗಿ ಅವನು ಏನನ್ನೂ ಕೇಳಿರಲಿಲ್ಲ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳು ಮಗನನ್ನು ನೋಡಿದಳು, ಅವನ ಹಿಂದೆ ಕೂತ ದೊಡ್ಡ ಮನುಷ್ಯರನ್ನು ನೋಡಿದಳು, ಎಲ್ಲವೂ ಅರ್ಥವಾಯಿತು ಎಂದುಕೊಂಡಳು. ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು.

"ಯಾರೂ ಅಲ್ಲ ದಣಿ. ದೂರದಿಂದ ನಮ್ಮ ಹುಡುಗನ ಹಾಗೆ ಕಂಡ್ರಿ. ತಪ್ಪಾಯ್ತು."

ತಲೆಬಾಗಿ ಹಿಂದೆ ಸರಿದಳು. ಯಾರೋ ನಕ್ಕರು, ಫಾರ್ಕರನೂ ನಕ್ಕ. ಆದರೆ ಅವನ ಕಿವಿಗಳು ಕಾದವು, ಕುತ್ತಿಗೆ ಸುಟ್ಟಿತು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನಾಚಿಕೆ ಮೈಯೆಲ್ಲ ಹತ್ತಿಕೊಂಡಿತು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಊಟದವರನ್ನು ದಾಟಿ ಹೊರಗೆ ಓಡಿದ.

ಮಬ್ಬಿನಲ್ಲಿ ಆ ಹೆಂಗಸು ದಂಡೆಗುಂಟ ಹೋಗುತ್ತಿದ್ದಳು. ತಿರುಗಿ ನೋಡಲಿಲ್ಲ. ಅವಳನ್ನು ಕೂಗಿ ನಿಲ್ಲಿಸದಿದ್ದರೆ ಸತ್ತೇ ಹೋಗುತ್ತೇನೆ ಅನಿಸಿತು ಅವನಿಗೆ. ಬಾಯಿ ತೆರೆದ. ಏನೆಂದು ಕೂಗಬೇಕೋ, ಆ ಮಾತೇ ಅವನಲ್ಲಿ ಇರಲಿಲ್ಲ.