ಕೊಟ್ಟಾರಿ ಮೂಗು

"ನೀವು ಸತ್ತರೂ ನಿಮ್ಮ ಮೂಗು ಸಾಯುವುದಿಲ್ಲ ಮಾರಾಯ್ರೆ! ಸರಕಾರ ಅದನ್ನು ಪೆಟ್ಟಿಗೆಯಲ್ಲಿ ತುಂಬಿಸಿ ಇಟ್ಟಿದೆ," ಎಂದು ಮೂಟೆ ಇಳಿಸುವವರ ಮೇಸ್ತ್ರಿ ಹಮ್ಮಬ್ಬ ನಕ್ಕ.

ಕೊಟ್ಟಾರಿಯವರಿಗೂ ನಗು ಬಂತು. ಎರಡು ಸಾವಿರದ ಇಪ್ಪತ್ತೇಳರಲ್ಲಿ ಆಹಾರ ತಪಾಸಣೆಯ ಇನ್ಸ್‌ಪೆಕ್ಟರಾಗಿ ಈ ಬಂದರಿಗೆ ಬಂದವರು, ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಇವತ್ತು ಶಾಲು ಹೊದಿಸುತ್ತೇವೆಂದು ಕರೆದದ್ದಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಹಮ್ಮಬ್ಬ ಹೇಳಿದ ಪೆಟ್ಟಿಗೆ, ಅವರ ತಪಾಸಣಾ ವರದಿಗಳನ್ನೇ ಪಾಠವಾಗಿ ಓದಿ ಕಲಿತ, ಸರಕನ್ನು ಮೂಸಿ ನೋಡುವ ಯಂತ್ರ. ಬಂದರಿನವರ ಬಾಯಲ್ಲಿ 'ಕೊಟ್ಟಾರಿ ಮೂಗು'.

ಯಂತ್ರದ ತೆಳು ಕೊಳವೆ ಕಂಟೇನರಿನ ಗಾಳಿಕಿಂಡಿಗೆ ಮೂತಿ ಇಟ್ಟಿತು. ಬೂಷ್ಟು ಬೆಳೆಯುವಾಗ ಕಣ್ಣಿಗೆ ಕಾಣದ ಆವಿಗಳನ್ನು ಬಿಡುತ್ತದೆ. ಪೆಟ್ಟಿಗೆಯೊಳಗೆ ಉಗುರಗಲದ ತಗಡು, ಅದರ ಮೇಲೆ ಸಾವಿರ ಚುಕ್ಕೆ. ಒಂದೊಂದು ಚುಕ್ಕೆ ಒಂದೊಂದು ಆವಿಗೆ ಮಿಡಿಯುತ್ತದೆ. ಎರಡೇ ನಿಮಿಷ, ಹಸಿರು ದೀಪ ಹತ್ತಿತು. ಒಳಗಿದ್ದದ್ದು ಅಂಗನವಾಡಿ ಮಕ್ಕಳ ಪೌಷ್ಟಿಕ ಪುಡಿಗೆಂದು ಹೊರದೇಶದಿಂದ ತರಿಸಿದ ನೆಲಗಡಲೆ.

ಫೋಟೋಕ್ಕೆಂದು ಬಾಗಿಲು ತೆರೆದರು. ಕೊಟ್ಟಾರಿಯವರ ನಗು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಒಣಗದ ಗೋಣಿಯ ವಾಸನೆ.

"ಹಮ್ಮಬ್ಬಾ, ಹಿಂದಿನ ಸಾಲಿನದ್ದು ಒಂದು ಹಿಡಿ ತಾ."

"ಹಿಂದಿನದ್ದಾ? ಮೂವತ್ತು ವರ್ಷ ಒಮ್ಮೆಯೂ ಕೇಳದ್ದು, ಈಗ ಎಂತಕ್ಕೆ?" ಎನ್ನುತ್ತಲೇ ಅವನು ಮೂಟೆಗಳ ಮೇಲೆ ತೆವಳಿ ಹೋದ. ಬಂದು ಮುಷ್ಟಿ ಬಿಚ್ಚಿದ. ಕಾಳಿನ ತುಂಬ ಹಸಿರು ಪುಡಿ. ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ತಿಂದವರ ಪಿತ್ತಜನಕಾಂಗದೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತದೆ.

ಯಂತ್ರ ಕಂಡುಹಿಡಿದ ಡಾಕ್ಟರ್ ಹಿಲ್ಡಾ ಲೋಬೊ ಪಕ್ಕದಲ್ಲೇ ನಿಂತಿದ್ದರು.

"ಡಾಕ್ಟ್ರೇ, ಈ ಮೂಗನ್ನು ಕೆಡಿಸಿದವ ನಾನು," ಎಂದರು ಕೊಟ್ಟಾರಿ. "ದಿನಕ್ಕೆ ನಲವತ್ತು ಕಂಟೇನರ್, ನಾವು ಮೂರು ಜನ. ಒಂದನ್ನು ಖಾಲಿ ಮಾಡಿಸಲಿಕ್ಕೇ ಅರ್ಧ ದಿನ ಬೇಕು. ಮಾದರಿ ತೆಗೆಯಲಿಕ್ಕೆ ಬಾಗಿಲ ಹತ್ತಿರದ ಎರಡು ಮೂಟೆಗೆ ಮಾತ್ರ ಕೊಳವೆ ಚುಚ್ಚುತ್ತಿದ್ದೆವು, ಇಪ್ಪತ್ತು ಮೂಟೆ ಅಂತ ಬರೆಯುತ್ತಿದ್ದೆವು. ಕಳಿಸುವವರಿಗೂ ಗೊತ್ತಿತ್ತು. ಒಳ್ಳೆಯದನ್ನು ಬಾಗಿಲಿಗೇ ಇಡ್ತಿದ್ದರು."

ಹಿಲ್ಡಾ ಬೆಚ್ಚಲಿಲ್ಲ. "ನನಗೆ ಗೊತ್ತುಂಟು ಸರ್. ಮೊದಲ ವರ್ಷ ಯಂತ್ರ ನೂರಕ್ಕೆ ಹದಿನೆಂಟು ಕಂಟೇನರಿಗೆ ಕೆಂಪು ತೋರಿಸಿತು. ನಿಮ್ಮ ವರದಿಯಲ್ಲಿ ಇದ್ದದ್ದು ನೂರಕ್ಕೆ ಒಂದು. ಯಂತ್ರದ್ದೇ ತಪ್ಪು, ಸರಿಮಾಡಿ ಅಂತ ಸರಕಾರದ ಸಮಿತಿ ಹೇಳಿತು. ಇಲ್ಲದಿದ್ದರೆ ಯೋಜನೆಯೇ ಮುಚ್ಚುತ್ತಿತ್ತು. ನಿಮ್ಮ ವರದಿಗೆ ತಾಳೆಯಾಗುವವರೆಗೆ ಅದಕ್ಕೆ ಪಾಠ ಹೇಳಿದೆ. ಈ ವಾಸನೆ ಬಂದರೂ ಪರವಾಗಿಲ್ಲ ಅಂತ ಕಲಿಸಿದೆ."

"ಅಯ್ಯೋ, ಅದಕ್ಕೆ ವಾಸನೆ ಬರುತ್ತದೆಯಾ?"

"ನಿಮಗಿಂತ ಚೆನ್ನಾಗಿ."

"ಹಾಗಾದರೆ ಇದೊಂದನ್ನಾದರೂ ನಿಲ್ಲಿಸಿ. ಸಣ್ಣ ಮಕ್ಕಳು ತಿನ್ನುವುದು!"

"ಹಸಿರು ದೀಪ ಬಿದ್ದದ್ದನ್ನು ನಿಲ್ಲಿಸುವ ಅಧಿಕಾರ ಇನ್ಸ್‌ಪೆಕ್ಟರಿಗೆ ಮಾತ್ರ ಇತ್ತು. ಆ ಹುದ್ದೆಯನ್ನೇ ತೆಗೆದರಲ್ಲ ಸರ್. ಇದೇ ಯಂತ್ರ ಈಗ ಹದಿನಾಲ್ಕು ಬಂದರಿನಲ್ಲಿ ಉಂಟು."

"ನಾನು ಬರೆದು ಕೊಡ್ತೇನೆ."

"ಕೊಡಿ. ನಿಮ್ಮ ವರದಿ ಸುಳ್ಳೋ, ಈಗಿನ ಮಾತು ಸುಳ್ಳೋ ಅಂತ ಕೇಳ್ತಾರೆ. ವರದಿಗೆ ಮೂವತ್ತು ವರ್ಷದ ಸಹಿ ಉಂಟು."

ಕೊಟ್ಟಾರಿಯವರ ಕೈ ಕಿಸೆಯ ಪೆನ್ನಿನ ಮೇಲೆ ಹೋಯಿತು. ಅಷ್ಟರಲ್ಲಿ ಯಂತ್ರ ಒಂದು ಚೀಟಿಯನ್ನು ಹೊರಕ್ಕೆ ಉಗುಳಿತು. ಒಂದು ಮೂಟೆಯನ್ನೂ ಮುಟ್ಟದ ಆ ಯಂತ್ರ, ಕಲಿತ ಪಾಠವನ್ನು ಅಕ್ಷರ ತಪ್ಪದೆ ಬರೆದಿತ್ತು: 'ಇಪ್ಪತ್ತು ಮೂಟೆಗಳಿಂದ ಮಾದರಿ ತೆಗೆದು ಪರೀಕ್ಷಿಸಲಾಗಿದೆ. ದೋಷವಿಲ್ಲ.'

ಹಮ್ಮಬ್ಬ ಅಂಗೈಯ ಹಸಿರು ಪುಡಿಯನ್ನು ಲುಂಗಿಗೆ ಒರೆಸಿ, ಬಾಗಿಲು ಮುಚ್ಚಿ, ಚೀಟಿಯನ್ನು ಅದರ ಮೇಲೆ ಅಂಟಿಸಿದ.