ರಿಂಗಾಗದ ಮೂರು ಕರೆಗಳು

ಕರೆಯುವ ಮೊದಲೇ ಕೇಳಿಸಿಕೊಳ್ಳುವ ಶ್ರೀಹರಿಗೆ ವಂದಿಸಿ, ವಾಕ್ಕಿಗೆ ಒಡತಿಯಾದ ಶಾರದೆಯ ಅನುಗ್ರಹವನ್ನು ಬೇಡಿ, ಎರಡು ನಗರಗಳ ನಡುವೆ ಕಳೆದುಹೋದ ಮೂರು ಕರೆಗಳ ಕಥೆಯನ್ನು ಹೇಳುತ್ತೇನೆ.

ಮೆಲ್ಬರ್ನಿನ ಕ್ಲೇಟನ್‌ನಲ್ಲಿ ವಿಶ್ವವಿದ್ಯಾಲಯದ ಬಸ್ಸು ಹೊರಡುವುದರಲ್ಲಿತ್ತು. ಓಡಿಬರುತ್ತಿದ್ದ ಅನಘಾಳನ್ನು ಕಂಡು ಅಪರಿಚಿತನೊಬ್ಬ ಬಾಗಿಲಿಗೆ ಕಾಲು ಅಡ್ಡವಿಟ್ಟು ನಿಂತ. ಚಾಲಕ ಗದರಿದ.

“ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?” ಎಂದಳು, ಅವನು ಕನ್ನಡದಲ್ಲೇ ಕುಶಲ ಕೇಳಿದಾಗ.

“ಓಡ್ತಾ ‘ನಿಲ್ಸಪ್ಪಾ’ ಅಂದ್ರಲ್ಲ. ಡ್ರೈವರ್‌ಗೆ ಅರ್ಥ ಆಗಲಿಲ್ಲ, ನನಗಾಯ್ತು.”

ಅವನು ಯೋಗೀಶ, ಸಂಶೋಧನಾ ವಿದ್ಯಾರ್ಥಿ. ಎರಡು ವರ್ಷ ಅದೇ ಬಸ್ಸು, ಅದೇ ಸೀಟು, ಮುಗಿಯದ ಮಾತು...

ಅವಳಿಗೆ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಲ್ಯಾಬ್ ಕೆಲಸ ದೊರೆಯಿತು. ವಿಮಾನ ನಿಲ್ದಾಣದಲ್ಲಿ ಯೋಗೀಶ ತಲೆತಗ್ಗಿಸಿದ.

“ಒಂದು ಮಾತು ಕೇಳೋದಿದೆ. ಎದುರಿಗೇ ‘ಇಲ್ಲ’ ಅನ್ನೋ ಸಂಕಟ ನಿಮಗೆ ಬೇಡ. ಭಾನುವಾರ ಸಂಜೆ ಆರಕ್ಕೆ, ನಾವು ಮೆಸೇಜ್ ಮಾಡೋ ಆಪ್‌ನಲ್ಲೇ ಕಾಲ್ ಮಾಡ್ತೀನಿ. ನಾನು ಇಷ್ಟವಿದ್ದರೆ ಎತ್ತಿ. ಎತ್ತದಿದ್ದರೆ ಮತ್ತೆಂದೂ ತೊಂದರೆ ಕೊಡಲ್ಲ.”

ಆ ಭಾನುವಾರ, ಫೋನು ಹ್ಯಾಂಗ್ ಆಗಿ ಕರೆ ತಪ್ಪೀತೆಂಬ ಭಯದಿಂದ ಅನಘಾ ಐದೂಮುಕ್ಕಾಲಿಗೆ ಫೋನನ್ನು ರೀಸ್ಟಾರ್ಟ್ ಮಾಡಿ, ದೇವರ ಮುಂದಿಟ್ಟು ದೀಪ ಹಚ್ಚಿದಳು. ಆರಾಯಿತು. ಏಳಾಯಿತು. ಫೋನು ಸದ್ದು ಮಾಡಲಿಲ್ಲ.

‘ಮನಸ್ಸು ಬದಲಾಯಿಸಿದರಲ್ಲ...’ ಆಪನ್ನು ತೆರೆದೂ ನೋಡದೆ ಅಳಿಸಿಹಾಕಿದಳು.

ಮೂರು ವರ್ಷ ಕಳೆದವು. ಬಸ್ಸಿನಲ್ಲಿ ಜೋಡಿಸೀಟು ಖಾಲಿಯಿದ್ದರೂ ಅವಳು ನಿಂತೇ ಪ್ರಯಾಣಿಸುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಪಕ್ಕದ ಫ್ಲ್ಯಾಟಿನ ಜಲಜಾಕ್ಷಿ ಆಂಟಿ ದೂರು ಹೊತ್ತು ಬಂದರು.

“ಮಗ ಬೈದ ಮಾರಾಯ್ತಿ. ಫೋನ್ ರೀಸ್ಟಾರ್ಟ್ ಮಾಡಿದ ಮೇಲೆ ಆ ಆಪನ್ನು ಒಮ್ಮೆ ತೆರೆದು ಇಡ್ಬೇಕಂತೆ. ಇಲ್ಲದಿದ್ರೆ ಕಾಲ್ ಬಂದ್ರೂ ರಿಂಗ್ ಆಗುದಿಲ್ಲಂತೆ. ನನಗೆಂತ ಗೊತ್ತು?”

ನಿಂಬೆಹಣ್ಣು ಹಿಂಡುತ್ತಿದ್ದ ಅನಘಾ ಹಾಗೆಯೇ ನಿಂತುಬಿಟ್ಟಳು.

“ಯಾವ ಆಪ್ ಆಂಟಿ?”

ಅದೇ ಆಪ್.

ಅಳಿಸದೆ ಉಳಿಸಿಕೊಂಡಿದ್ದ ನಂಬರಿಗೆ ಅವಳು ಸಾಮಾನ್ಯ ಕರೆಯನ್ನೇ ಮಾಡಿದಳು. ‘ಮದುವೆ ಆಗಿದ್ದರೆ...?’

“ಅನಘಾ?” ಎಂದಿತು ಆ ಪರಿಚಿತ ದನಿ.

“ಆ ಭಾನುವಾರ ಕಾಲ್ ಮಾಡಿದ್ರಾ?”

“ಮೂರು ಸಲ.”

“ಒಂದೂ ರಿಂಗ್ ಆಗ್ಲಿಲ್ಲ. ನಿಮ್ಮ ಕಾಲ್ ತಪ್ಪಬಾರದು ಅಂತ ನಾನೇ ಫೋನ್ ರೀಸ್ಟಾರ್ಟ್ ಮಾಡಿದ್ದೆ... ಆಪ್ ತೆರೆದಿರಲಿಲ್ಲ.”



“ಅಮ್ಮ ಎರಡು ಕಡೆ ಹೆಣ್ಣು ನೋಡಿದ್ರು,” ಎಂದ. “ಥೀಸಿಸ್ ಮುಗಿದಿಲ್ಲ ಅಂದುಬಿಟ್ಟೆ.”

“ಇನ್ನೂ ಮುಗಿದಿಲ್ವಾ?”

“ಮುಗಿದು ಎರಡು ವರ್ಷ ಆಯ್ತು.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ಅವತ್ತು ಕೇಳಬೇಕಾಗಿದ್ದನ್ನ ಈಗ ಕೇಳಲಾ?” ಎಂದ.

“ಬೇಡ. ನಿಮ್ಮ ಪ್ರಶ್ನೆಗೆ ಕಾಯ್ತಾ ಮೂರು ವರ್ಷ ಹೋಯ್ತು. ಮೊದಲು ನನ್ನ ಉತ್ತರ ಕೇಳಿ.”

“ಹೇಳಿ.”

“ಹೂಂ.”

ಓದಿದವರಿಗೂ ಕೇಳಿದವರಿಗೂ, ಒಳಗೇ ಉಳಿದ ಮಾತನ್ನು ಆಡುವ ಧೈರ್ಯವನ್ನೂ ಅದನ್ನು ಆಲಿಸುವ ಒಲವನ್ನೂ ಭಗವಂತನು ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.