ಸರ್ವರ್ ಕೋಣೆಯ ಕಳವು

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ವಿಶ್ವವಿದ್ಯಾಲಯದ ಪ್ರೋಗ್ರಾಮಿಂಗ್ ಅಧ್ಯಾಪಕರು ಏದುಸಿರು ಬಿಡುತ್ತ ಠಾಣೆಗೆ ಬಂದು ದೂರು ಕೊಟ್ಟರು. ಊಟದ ಹೊತ್ತಿನಲ್ಲಿ ಲ್ಯಾಬಿನ ಸರ್ವರ್‌ನಿಂದ ಯಾರೋ ಹಾರ್ಡ್ ಡಿಸ್ಕ್ ಕದ್ದಿದ್ದರು. ವಿದ್ಯಾರ್ಥಿಗಳು ಬರೆದದ್ದು, ಅಳಿಸಿ ತಿದ್ದಿದ್ದು, ಎಲ್ಲವೂ ಅದರಲ್ಲಿ ದಾಖಲಾಗಿತ್ತು. ಇಬ್ಬರ ಪ್ರೋಗ್ರಾಮ್ ಅಕ್ಷರಶಃ ಒಂದೇ ಆಗಿದ್ದರಿಂದ ಮರುದಿನ ವಿಚಾರಣಾ ಸಮಿತಿ ಅದನ್ನು ತೆರೆದು ನೋಡುವುದಿತ್ತು. ನಕಲು ಮಾಡಿದವರಿಗೆ ಕೋರ್ಸಿನಿಂದಲೇ ಗೇಟ್‌ಪಾಸ್.

ಇಬ್ಬರಲ್ಲಿ ಒಬ್ಬ ತರಗತಿಗೇ ಮೊದಲಿಗ, ಲ್ಯಾಬಿನಲ್ಲಿ ಅಧ್ಯಾಪಕರ ಬಲಗೈ. ಇನ್ನೊಬ್ಬಳು ಹೋದ ವರ್ಷ ಇದೇ ವಿಷಯದಲ್ಲಿ ಫೇಲಾದವಳು. ಕಳ್ಳಿ ಅವಳೇ ಎಂದು ಅಧ್ಯಾಪಕರು ತೀರ್ಪು ಕೊಟ್ಟೇ ಬಿಟ್ಟರು. ಇನ್‌ಸ್ಪೆಕ್ಟರಿಗೆ ಆ ಅವಸರ ಹಿಡಿಸಲಿಲ್ಲ. ಎಫ್‌ಐಆರ್ ದಾಖಲಿಸಿ ಹುಡುಗಿಯನ್ನು ಕರೆಸಿದರು.

ಅವಳು ಅಣ್ಣನ ಜೊತೆ ಬಂದಳು. ಕೂತ ಕಡೆ ಕೂರಲಾರಳು, ಉಗುರು ಕಚ್ಚಿ ಕಚ್ಚಿ ಬೆರಳು ಕೆಂಪಾಗಿತ್ತು. ಅಳುತ್ತಲೇ ಹೇಳಿದಳು:

“ನಾನ್ಯಾಕೆ ಸಾರ್ ಕದೀಲಿ? ತಪ್ಪು ಮಾಡಿ ಮಾಡಿ ಕಲ್ತು ಬರ್ದಿದ್ದೆಲ್ಲ ಅದ್ರಲ್ಲೇ ಇರೋದು. ಅದು ಹೋದ್ರೆ ನನ್ನ ಮಾತು ಯಾರು ನಂಬ್ತಾರೆ?”

ಅತ್ತವರೆಲ್ಲ ಸಾಚಾ ಆಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ.

ಲ್ಯಾಬಿನಲ್ಲಿ ಪಂಚನಾಮೆ ನಡೆಯುವಾಗ ಇನ್‌ಸ್ಪೆಕ್ಟರ್ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದರು. ಸರ್ವರ್ ಹೇಗೆ ನಿಂತಿತೆಂದು ಕೇಳಿದರು. ಅಧ್ಯಾಪಕರು ಸರ್ವರ್ ಕಚೇರಿಯ ಕಂಪ್ಯೂಟರಿಗೆ ಕಳಿಸಿದ್ದ ದಾಖಲೆ ನೋಡಿದರು. ಎಲ್ಲರ ಕೆಲಸವನ್ನೂ ಸೇವ್ ಮಾಡಿ, ಆಮೇಲೆ ಕ್ರಮವಾಗಿ ಬಂದ್ ಮಾಡಲಾಗಿತ್ತು.

“ಸುಮ್ನೆ ಕಿತ್ಕೊಂಡು ಹೋಗಿದ್ರೆ?”

“ಬೇರೆ ಹುಡುಗ್ರ ಕೆಲಸ ಹಾಳಾಗ್ತಿತ್ತು.”

“ಕಳ್ಳನಿಗೆ ಅಷ್ಟೊಂದು ಕಾಳಜಿ. ಬಂದ್ ಮಾಡೋ ಪಾಸ್‌ವರ್ಡ್ ಯಾರ ಹತ್ರ ಇದೆ?”

“ನನ್ನ ಹತ್ರ.” ಅಧ್ಯಾಪಕರ ಮುಖ ಇಳಿದುಹೋಯಿತು. “ಮತ್ತೆ ಲ್ಯಾಬ್ ನೋಡ್ಕೊಳ್ಳೋ ಆ ಹುಡುಗನ ಹತ್ರ.”

ಊಟದ ಹೊತ್ತಿನಲ್ಲಿ ಅಧ್ಯಾಪಕರು ಕುಲಪತಿಗಳ ಎದುರು ಕೂತಿದ್ದರೆಂದು ಖಚಿತವಾಯಿತು. ಸಂಜೆ ಹಾಸ್ಟೆಲಿನಲ್ಲಿ ಮೊದಲಿಗನ ಬೀರುವಿನಲ್ಲಿ, ಟವೆಲಿನಲ್ಲಿ ಜೋಪಾನವಾಗಿ ಸುತ್ತಿಟ್ಟ ಡಿಸ್ಕ್ ಸಿಕ್ಕಿತು. ಸಮಿತಿಯ ವಿಚಾರಣೆ ಮುಗಿದ ಮೇಲೆ ವಾಪಸ್ ಇಡುವ ಯೋಚನೆಯಿತ್ತೆಂದು ಅವನು ಒಪ್ಪಿಕೊಂಡ. ಸರಿಯಿದೆಯೇ ನೋಡು ಎಂದು ಹುಡುಗಿ ನಂಬಿ ಕೊಟ್ಟ ಪ್ರೋಗ್ರಾಮನ್ನೇ ಅವನು ತನ್ನದೆಂದು ಸಲ್ಲಿಸಿದ್ದ. ಆ ಲೆಕ್ಕ ಅವನಿಗೆ ಬಿಡಿಸಲು ಬಂದಿರಲಿಲ್ಲ. ಅಲ್ಲೇ ಅವನನ್ನು ದಸ್ತಗಿರಿ ಮಾಡಿದರು.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ತಡೆಯಲಾರದೆ ಕೇಳಿದರು: “ಹೇಳ್ಕೊಡು ಅಂತ ಅವಳನ್ನೇ ಕೇಳಬಹುದಿತ್ತಲ್ಲಯ್ಯಾ?”

“ಎಲ್ರೂ ನನ್ನನ್ನೇ ಕೇಳೋರು ಸಾರ್, ಚಿಕ್ಕಂದಿನಿಂದ. ಗೊತ್ತಿಲ್ಲ ಅಂತ ಹೇಳೋಕೆ ಬಾಯೇ ಬರ್ಲಿಲ್ಲ.”

ಇನ್‌ಸ್ಪೆಕ್ಟರಿಗೆ ಸಂಕಟವಾಯಿತು. ಅವನಿಗೆ ಇನ್ನೂ ಹತ್ತೊಂಬತ್ತು ವರ್ಷ.